ಕಡಲೆಗೆ ಕಂಬೈನ್ ಹೆಡರ್: ಡ್ರೇಪರ್ ಬಿಟ್ಟು 14 ಅಡಿಗೇ ನಿಂತದ್ದು

ಕಂಬೈನ್ ಹಿಂದೆ ಬೀಳುವ ಹೊಟ್ಟನ್ನು ಬೊಗಸೆಯಲ್ಲಿ ಹಿಡಿದು ಊದಿ ನೋಡಿ, "ಕಾಳು ಹೊಂಟಿಲ್ಲ, ಮಷಿನ್ ಚಲೋ ಐತಿ" ಅನ್ನುವವರೇ ಬಹಳ. ಕಡಲೆಯಲ್ಲಿ ಅದು ಅರ್ಧ ಲೆಕ್ಕ. ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಎರೆ ಹೊಲಗಳಲ್ಲಿ ಕಡಲೆ ಹೆಚ್ಚಾಗಿ ಉದುರುವುದು ಮಷಿನ್ ಮೂತಿಯಲ್ಲೇ, ಅಂದರೆ ಗಿಡ ಕೊಯ್ಯುವ ಹೆಡರಿನಲ್ಲೇ, ಗಿಡ ಒಳಗೆ ಹೋಗುವ ಮುಂಚೆಯೇ. ಜೆಜಿ-11 ಕಡಲೆ ತಳಿಯ ನೂರು ಕಾಳು ಸುಮಾರು 22 ಗ್ರಾಂ ತೂಗುತ್ತವೆ. ಎಕರೆಗೆ 43,560 ಚದರ ಅಡಿ. ಚದರ ಅಡಿಗೆ ಒಂದು ಕಾಳು ಬಿದ್ದರೆ ಎಕರೆಗೆ ಒಂಬತ್ತೂವರೆ ಕೆಜಿ ಹೋಯಿತು. ಹತ್ತು ಬಿದ್ದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್. ಎಕರೆಗೆ ಐದಾರು ಕ್ವಿಂಟಲ್ ಬರುವ ಹೊಲದಲ್ಲಿ ಇದು ಸಣ್ಣ ಮಾತಲ್ಲ.

ಈ ಕಾರಣಕ್ಕೇ ಅಗಲದ ಡ್ರೇಪರ್ ಹೆಡರ್ ಬಗ್ಗೆ ಮೊದಲು ವಿಚಾರ ಮಾಡಿದೆ. ಕೆನಡಾ, ಆಸ್ಟ್ರೇಲಿಯಾದಲ್ಲಿ ಬೇಳೆಕಾಳಿಗೆ 30–40 ಅಡಿಯ ಡ್ರೇಪರ್ ಹಾಕುತ್ತಾರೆ. ಅದರಲ್ಲಿ ಸ್ಕ್ರೂ ಆಗರ್, ಅಂದರೆ ಕೊಯ್ದ ಬೆಳೆಯನ್ನು ನಡುವಿಗೆ ತಳ್ಳುವ ತಿರುಪಿನ ಉರುಳೆಯ ಬದಲು ರಬ್ಬರ್ ಪಟ್ಟಾ ಇರುತ್ತದೆ. ಬ್ಲೇಡಿನ ಬೆನ್ನಿಗೇ ಪಟ್ಟಾ ಇರುವುದರಿಂದ ಕೊಯ್ದ ಗಿಡ ಅದರ ಮೇಲೆ ಮಲಗಿ ನಡುವಿಗೆ ಸಾಗುತ್ತದೆ, ಗಿಡ್ಡ ಬೆಳೆ ಬ್ಲೇಡ್ ಮೇಲೆ ಕುಪ್ಪೆಯಾಗಿ ನಿಲ್ಲುವುದಿಲ್ಲ. ಕಡಲೆಗೆ ಬೇಕಾದದ್ದು ಅದೇ. ಆದರೆ ಆ ಹೆಡರಿನ ಭಾರ ಎತ್ತುವ ಹೈಡ್ರಾಲಿಕ್, ಪಟ್ಟಾ ಓಡಿಸುವ ಬೇರೆ ಪಂಪು, ಅಷ್ಟು ಬೆಳೆ ನುಂಗುವ ಎಂಜಿನ್ ನಮ್ಮಲ್ಲಿ ಓಡುವ ನೂರು ಹೆಚ್‌ಪಿ ಆಸುಪಾಸಿನ ಮಷಿನ್‌ಗಳಲ್ಲಿ ಇಲ್ಲ. ಹೊಲಕ್ಕೆ ಹೋಗುವ ಬಂಡಿದಾರಿ, ನಡುನಡುವೆ ಒಡ್ಡು, ಒಡ್ಡಿನ ಮೇಲೆ ಬೇವಿನ ಗಿಡ. 14 ಅಡಿಯ ಹೆಡರ್ ಬಿಚ್ಚಿ ಟ್ರಾಲಿಗೆ ಹಾಕಿ ಒಯ್ಯುವುದೇ ಸಾಕಾಗುತ್ತದೆ. ಗಂಟೆಗೆ 4 ಕಿಮೀ ವೇಗದಲ್ಲಿ 14 ಅಡಿ ಎಂದರೆ ಲೆಕ್ಕಕ್ಕೆ ಗಂಟೆಗೆ ನಾಲ್ಕು ಎಕರೆ ಚಿಲ್ಲರೆ. ತಿರುವು, ಟ್ಯಾಂಕ್ ಖಾಲಿ ಮಾಡುವುದು ಕಳೆದರೆ ಮೂರು. ನಮ್ಮ ಹೊಲಗಳಿಗೆ ಅದು ಸಾಕು. ಹಾಗಾಗಿ ಡ್ರೇಪರ್ ಮಾಡುವ ಕೆಲಸವನ್ನು ಆಗರ್ ಹೆಡರ್‌ನಿಂದ ಎಷ್ಟು ತೆಗೆಯಬಹುದೋ ಅಷ್ಟು ತೆಗೆಯುವ ದಾರಿ ಹಿಡಿದೆ.

ಗಂಗಾವತಿ, ಸಿಂಧನೂರಿನಲ್ಲಿ ಭತ್ತ ಮುಗಿಸಿ ಬಂದ ಮಷಿನ್ ಭತ್ತದ ಸೆಟಿಂಗಿನಲ್ಲೇ ಇರುತ್ತದೆ. ಭತ್ತದ ಗಿಡ ಉದ್ದ, ತನ್ನ ಭಾರಕ್ಕೇ ಆಗರ್ ಕಡೆ ವಾಲುತ್ತದೆ. ಒಂದೂಕಾಲು ಅಡಿಯ ಕಡಲೆ ಗಿಡಕ್ಕೆ ಆ ಉದ್ದವೂ ಇಲ್ಲ, ಭಾರವೂ ಇಲ್ಲ. ಅದು ಬ್ಲೇಡ್ ಮತ್ತು ಆಗರ್ ನಡುವಿನ ಖಾಲಿ ಜಾಗದಲ್ಲಿ ಕೂತುಬಿಡುತ್ತದೆ. ಹಿಂದಿನಿಂದ ಬಂದ ಗಿಡ ಅದನ್ನು ನೂಕಬೇಕು. ಅಷ್ಟರಲ್ಲಿ ಬ್ಲೇಡಿನ ಮೇಲೆ ತಿರುಗುತ್ತ ಗಿಡವನ್ನು ಒಳಗೆ ಎಳೆಯುವ ರೀಲಿನ ಹಲ್ಲು ನಾಲ್ಕು ಸಲ ಬಡಿದು ಕಾಯಿ ಉದುರಿಸಿರುತ್ತದೆ.

ಇದಕ್ಕೆ ನಾನು ಮಾಡಿದ್ದು, ರೀಲಿನ ಪ್ರತಿ ಅಡ್ಡಪಟ್ಟಿಗೆ ಹಳೆ ಕನ್ವೇಯರ್ ಬೆಲ್ಟಿನ ತುಂಡು ಕಟ್ಟಿದ್ದು. ನಾಲ್ಕು ಇಂಚು ಅಗಲದ ತುಂಡು, ಹಲ್ಲು ಬರುವಲ್ಲಿ ಕಚ್ಚು ಕೊಯ್ದು, ಅಡಿಗೊಂದರಂತೆ 6 ಎಂಎಂ ಬೋಲ್ಟು, ಅಗಲ ವಾಷರು. ವಾಷರ್ ಸಣ್ಣದಾದರೆ ರಬ್ಬರು ಎರಡೇ ದಿನಕ್ಕೆ ಹರಿದು ಜೋತಾಡುತ್ತದೆ. ಈ ಬೆಲ್ಟು ಕಸಬರಿಗೆಯ ಹಾಗೆ ಬ್ಲೇಡ್ ಮೇಲಿನ ಗಿಡ, ಕಾಯಿ ಎಲ್ಲವನ್ನೂ ಆಗರಿಗೆ ಗುಡಿಸುತ್ತದೆ. ರಬ್ಬರು ಬ್ಲೇಡಿಗಿಂತ ಅರ್ಧ ಇಂಚು ಮೇಲೆ ನಿಲ್ಲಬೇಕು, ಕಬ್ಬಿಣದ ಹಲ್ಲು ಒಂದು ಇಂಚಾದರೂ ಮೇಲಿರಬೇಕು. ರೀಲನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ಎರಡೂ ತುದಿಯಲ್ಲಿ ಅಳೆಯದೆ ಎಂಜಿನ್ ಚಾಲು ಮಾಡಬಾರದು.

ರೀಲಿನ ವೇಗವೇ ದೊಡ್ಡ ಕಳ್ಳ. ಅದರ ಅಂಚಿನ ವೇಗ ಮಷಿನ್ ನಡೆಯುವ ವೇಗಕ್ಕಿಂತ ಐದನೇ ಒಂದು ಪಾಲು ಹೆಚ್ಚಿದ್ದರೆ ಸಾಕು. ಒಂದು ಮೀಟರ್ ವ್ಯಾಸದ ರೀಲು, 4 ಕಿಮೀ ನಡಿಗೆ ಇದ್ದರೆ ನಿಮಿಷಕ್ಕೆ 25 ಸುತ್ತು. ಒಂದು ಪಟ್ಟಿಗೆ ಕೆಂಪು ಬಟ್ಟೆ ಕಟ್ಟಿ, ಮೊಬೈಲ್ ಗಡಿಯಾರ ಹಿಡಿದು ಎಣಿಸಿದರಾಯಿತು. ಬಂದ ಮಷಿನ್‌ಗಳಲ್ಲಿ ಬಹುತೇಕ ಇದಕ್ಕಿಂತ ಜೋರು ತಿರುಗುತ್ತಿರುತ್ತವೆ. ಡ್ರೈವರಿಗೆ ಅದು ಚೆಂದ ಕಾಣುತ್ತದೆ, ಅಷ್ಟೇ.

ಬ್ಲೇಡಿನ ವಿಷಯ. 14 ಅಡಿಗೆ ಮೂರು ಇಂಚಿನ ಬ್ಲೇಡ್ ಸುಮಾರು 56 ಕೂರುತ್ತವೆ. ಕಡಲೆ ಕಾಂಡ ಒಣಗಿದರೆ ಕಟ್ಟಿಗೆ, ಕಚ್ಚು ಇರುವ ಬ್ಲೇಡೇ ಬೇಕು. ಮೊಂಡಾದದ್ದು ಗಿಡವನ್ನು ಕೊಯ್ಯದೆ ಅಲುಗಿಸುತ್ತದೆ, ಕಾಯಿ ಅಲ್ಲೇ ಉದುರುತ್ತದೆ. ಆಮೇಲೆ ಪುಲ್ಲಿಯನ್ನು ಕೈಯಿಂದ ತಿರುಗಿಸಿ ಬ್ಲೇಡನ್ನು ಒಂದು ತುದಿಗೆ ತರಬೇಕು. ಅಲ್ಲಿ ಬ್ಲೇಡಿನ ಮೊನೆ ಮುಂದೆ ಚಾಚಿರುವ ಕಬ್ಬಿಣದ ಫಿಂಗರಿನ ನಟ್ಟನಡುವೆ ನಿಲ್ಲಬೇಕು, ಇನ್ನೊಂದು ತುದಿಯಲ್ಲೂ ಹಾಗೇ. ಮೂರು ಎಂಎಂಗಿಂತ ಹೆಚ್ಚು ಸರಿದಿದ್ದರೆ ಬ್ಲೇಡ್ ಓಡಿಸುವ ರಾಡ್ ಹೊಂದಿಸಬೇಕು. ಮೇಲೆ ಒತ್ತಿ ಹಿಡಿಯುವ ಕ್ಲಿಪ್‌ಗೂ ಬ್ಲೇಡಿಗೂ ನಡುವೆ ಲಗ್ನಪತ್ರಿಕೆಯ ದಪ್ಪ ಕಾಗದ ಬಿಗಿಯಾಗಿ ಸರಿಯುವಷ್ಟು, ಅಂದರೆ ಅರ್ಧ ಎಂಎಂ ಸಂದು. ಎರಡು ನಿಮಿಷ ಓಡಿಸಿ, ಎಂಜಿನ್ ಬಂದ್ ಮಾಡಿ, ಕ್ಲಿಪ್ ಒಂದೊಂದಾಗಿ ಮುಟ್ಟಿ ನೋಡಿದರೆ ಬಿಗಿಯಾದದ್ದು ಬಿಸಿಯಾಗಿರುತ್ತದೆ.

ಆಗರ್ ಮತ್ತು ತಳದ ತಗಡಿನ ನಡುವೆ 10–12 ಎಂಎಂ ಇಟ್ಟುಕೊಂಡಿದ್ದೇನೆ. ಹೆಚ್ಚಾದರೆ ಗಿಡ್ಡ ಬೆಳೆ ಅಡಿಯಲ್ಲೇ ಉರುಳುತ್ತ ಉಳಿಯುತ್ತದೆ, ಕಡಿಮೆಯಾದರೆ ಕಾಳು ಬೇಳೆಯಾಗುತ್ತದೆ.

ಬ್ಲೇಡಿನ ಎತ್ತರವನ್ನು ಹೊಲದಲ್ಲಿ ಹೊಂದಿಸಲು ಹೋಗಬಾರದು. ಸಮ ನೆಲದಲ್ಲಿ ನಿಲ್ಲಿಸಿ, ಎರಡೂ ಟಯರಿನ ಗಾಳಿ ಸಮ ಮಾಡಿ, ಹೆಡರಿನ ಎಡ ಬಲ ತುದಿಯಲ್ಲಿ ಟೇಪ್ ಹಿಡಿಯಬೇಕು. ಹೆಡರಿನ ತಳದ ಶೂ, ಅಂದರೆ ನೆಲದ ಮೇಲೆ ಜಾರುವ ಪಟ್ಟಿ, ನೆಲಕ್ಕೆ ತಾಗಿದಾಗ ಬ್ಲೇಡ್ ಮೂರು ಇಂಚು ಮೇಲಿರುವಂತೆ ಇಡುತ್ತೇನೆ. ಅದಕ್ಕಿಂತ ಕೆಳಗೆ ಹೋದರೆ ಹೆಂಟೆ ಬರುತ್ತದೆ, ಎರೆಯ ಪುಡಿ ಹತ್ತಿ ಕಾಳು ಕಪ್ಪಾಗುತ್ತದೆ, ಅಡತಿಯಲ್ಲಿ ದರ ಮುರಿಯುತ್ತಾರೆ. ಹೆಂಟೆಯ ಕೆಲಸ ಆಗಬೇಕಾದದ್ದು ಬಿತ್ತುವಾಗ. ಬಿತ್ತಿದ ಮೇಲೆ ಕೊರಡು ಎಳೆದು, ಎಡೆ ಹೊಡೆಯುವಾಗ ಸಾಲಿಗೆ ಮಣ್ಣು ಏರಿಸದೆ ಇದ್ದರೆ ಮಷಿನ್ ಮೂರು ಇಂಚಿಗೆ ಇಳಿಯುತ್ತದೆ. ಮಣ್ಣು ಏರಿಸಿದ ಹೊಲದಲ್ಲಿ ಆರು ಇಂಚಿಗೆ ಎತ್ತಲೇಬೇಕು, ಜೆಜಿ-11ರ ತಳದ ಕಾಯಿ ಕೂಳೆಯಲ್ಲೇ ಉಳಿಯುತ್ತವೆ. ಮಷಿನ್ ಕಟಾವೇ ಗಟ್ಟಿ ಎಂದಾದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಜಿಬಿಎಂ-2 ತಳಿ ಬಿತ್ತುವುದು ವಾಸಿ. ಗಿಡ ನೆಟ್ಟಗೆ ಎತ್ತರಕ್ಕೆ ಹೋಗುತ್ತದೆ, ಕಾಯಿ ನೆಲದಿಂದ ಮೇಲೆ ಕಟ್ಟುತ್ತದೆ.

ಒಳಗಿನ ಸೆಟಿಂಗ್ ಹೆಚ್ಚು ಹೇಳುವಂಥದ್ದಿಲ್ಲ. ಭತ್ತ ಒಕ್ಕುವ ಹಲ್ಲಿನ ಡ್ರಮ್ ಕಡಲೆಯನ್ನು ಒಡೆಯುತ್ತದೆ, ಹಲ್ಲಿನ ಬದಲು ಉಜ್ಜುವ ಗೀರುಪಟ್ಟಿ, ಅಂದರೆ ರಾಸ್ಪ್ ಬಾರ್ ಇದ್ದರೆ ಒಳ್ಳೆಯದು. ಡ್ರಮ್ಮಿಗೆ ನಿಮಿಷಕ್ಕೆ 450 ಸುತ್ತಿನಿಂದ ಶುರು ಮಾಡಿ, ಕಾಯಿ ಒಡೆಯದೆ ಉಳಿದರೆ ಐವತ್ತೈವತ್ತೇ ಏರಿಸುವುದು.

ಮೊದಲ ನೂರು ಅಡಿ ಓಡಿದ ಮೇಲೆ ನಿಲ್ಲಿಸಿ, ಮಷಿನನ್ನು ಅದರ ಉದ್ದದಷ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ಈಗ ಮುಂದೆ ಕಾಣುವುದು ಹೆಡರ್ ಮಾತ್ರ ದಾಟಿದ, ಹೊಟ್ಟು ಬೀಳದ ನೆಲ. ಒಂದು ಅಡಿ ಚೌಕದ ತಂತಿಯ ಕಟ್ಟನ್ನು ಎಡ, ನಡು, ಬಲ ಮೂರು ಕಡೆ ಹಾಕಿ, ಬಿಡಿ ಕಾಳು, ಕಾಯೊಳಗಿನ ಕಾಳು ಎರಡನ್ನೂ ಎಣಿಸುತ್ತೇನೆ. ಕೊಯ್ಯದ ಬೆಳೆಯ ಬುಡದಲ್ಲೂ ಎಣಿಸಿ ಕಳೆಯಬೇಕು, ಅದು ಮಷಿನ್ ಬರುವ ಮುಂಚೆಯೇ ಉದುರಿದ್ದು. ಎಲ್ಲಿ, ಹೇಗೆ ಬಿದ್ದಿದೆ ಎಂಬುದರಲ್ಲೇ ರೋಗ ಗೊತ್ತಾಗುತ್ತದೆ. ಕೂಳೆಗೆ ಅಂಟಿದ ಕಾಯಿ ಇದ್ದರೆ ಎತ್ತರ ಹೆಚ್ಚು. ಬಿಡಿ ಕಾಳು, ಒಡೆದ ಸಿಪ್ಪೆ ಎಲ್ಲ ಕಡೆ ಚೆಲ್ಲಿದ್ದರೆ ರೀಲು ಜೋರು. ಇಡೀ ಗಿಡ ಬಿದ್ದಿದ್ದರೆ ರೀಲು ಮೆಲ್ಲಗೆ, ಇಲ್ಲವೇ ಬೆಲ್ಟು ಮೇಲಿದೆ. ಒಂದೇ ಗೆರೆಯಲ್ಲಿ ಉದ್ದಕ್ಕೂ ಕೊಯ್ಯದ ಗಿಡ ನಿಂತಿದ್ದರೆ ಆ ಜಾಗದ ಬ್ಲೇಡ್ ಮುರಿದಿದೆ ಅಥವಾ ಫಿಂಗರ್ ಬಾಗಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ನೂರು ಅಡಿ, ಮತ್ತೆ ಎಣಿಕೆ. ಚದರ ಅಡಿಗೆ ಐದು ಕಾಳಿನೊಳಗೆ ಬಂದರೆ ಸೆಟಿಂಗ್ ಬದಲಿಸುವುದನ್ನು ಬಿಡುತ್ತೇನೆ. ಆದರೆ ಮಧ್ಯಾಹ್ನ ಒಂದರಿಂದ ಮೂರರವರೆಗೆ ಈ ಲೆಕ್ಕ ಕೂಡುವುದಿಲ್ಲ. ಫೆಬ್ರವರಿ ಬಿಸಿಲಿಗೆ ಕಾಯಿ ಮುಟ್ಟಿದರೆ ಬೀಳುವ ಹಾಗಿದ್ದರೆ ಮಷಿನ್ ನಿಲ್ಲಿಸಿ ಊಟ ಮಾಡುವುದು, ಬ್ಲೇಡ್ ಸಂದಿನ ಮಣ್ಣು ತೆಗೆಯುವುದು.