ಡಯಾಲಿಸಿಸ್ ಮೆಷಿನ್‌ನಲ್ಲೇ ಪ್ಲಾಸ್ಮಾ ತೆಗೆದೆವು

"ಪ್ಲಾಸ್ಮಾ ಬದಲಿಸೋಕೆ ಬೇರೆ ಮೆಷಿನ್ನೇ ಬೇಕು ಮಾರಾಯ, ಬೆಂಗಳೂರಿಗೆ ಕಳಿಸಿಬಿಡಿ" ಅಂತ ಐಸಿಯುನಲ್ಲಿ ಎಲ್ಲರದ್ದೂ ಒಂದೇ ಮಾತು. ನಮ್ಮದು ಮಲೆನಾಡಿನ ಸಣ್ಣ ಊರು, ಇರುವುದು ನಾಲ್ಕು ಡಯಾಲಿಸಿಸ್ ಮೆಷಿನ್. ಹೆಂಗಸಿಗೆ ಮಯಸ್ತೇನಿಯಾ, ಅಂದರೆ ಮೈಯ ಪ್ರತಿಕಾಯಗಳೇ ಸ್ನಾಯುಗಳನ್ನು ಸೋಲಿಸುವ ಕಾಯಿಲೆ. ಆ ಪ್ರತಿಕಾಯ ಇರುವ ಪ್ಲಾಸ್ಮಾ, ಅಂದರೆ ರಕ್ತದ ಹಳದಿ ನೀರು, ತೆಗೆದು ಬೇರೆ ದ್ರವ ತುಂಬಬೇಕು. ರೆಪ್ಪೆ ಮೇಲೇಳುತ್ತಿರಲಿಲ್ಲ, ಕುಡಿದ ನೀರು ಮೂಗಲ್ಲಿ ಬರುತ್ತಿತ್ತು. ಉಸಿರಿನ ಶಕ್ತಿ ನೋಡಲು ಒಂದೇ ಉಸಿರಿಗೆ ಎಣಿಸಿ ಅಂದರೆ ಒಂಬತ್ತಕ್ಕೆ ನಿಂತರು. ಇನ್ನೊಂದು ದಾರಿ ಐವಿಐಜಿ, ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್. 52 ಕೆ.ಜಿ. ತೂಕಕ್ಕೆ 104 ಗ್ರಾಂ, ಎರಡು ಲಕ್ಷದ ಹತ್ತಿರ. ಗಂಡ ಅಡಿಕೆ ಕೊಯ್ಲಿಗೆ ಹೋಗುವವರು.

ಅನುಮಾನ ಪಟ್ಟವರದ್ದು ತಪ್ಪಲ್ಲ. ಹಿಂದಿನ ವರ್ಷ ಒಂದು ಜಿಬಿಎಸ್ (ನರಗಳಿಗೆ ತಗಲುವ ಇಂಥದ್ದೇ ಕಾಯಿಲೆ) ಕೇಸ್ ನಾನೇ ಕೆಡಿಸಿದ್ದೆ. ಬೇಗ ಮುಗಿಸೋಣ ಅಂತ ಪ್ಲಾಸ್ಮಾ ಜಾಸ್ತಿ ಎಳೆದೆ. ಟಿಎಂಪಿ, ಅಂದರೆ ಫಿಲ್ಟರ್ ಪೊರೆಯ ಮೇಲಿನ ಒತ್ತಡ, 100 ದಾಟಿತು. ಕ್ಯಾನ್‌ಗೆ ಬೀಳುತ್ತಿದ್ದ ಹಳದಿ ನೀರು ನೋಡನೋಡುತ್ತ ರೋಸ್ ಶರಬತ್ತಿನ ಬಣ್ಣಕ್ಕೆ ತಿರುಗಿತು, ರಕ್ತಕಣ ಒಡೆದಿದ್ದವು. ನಿಲ್ಲಿಸುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಂಡಿತ್ತು. ಹನ್ನೊಂದು ಸಾವಿರ ನೀರುಪಾಲು, ರೋಗಿ ಬೆಂಗಳೂರು ಪಾಲು.

ಈ ಸಲ ಅವಸರವೇ ಬೇಡ ಅಂದುಕೊಂಡೆ. ಡಯಾಲೈಸರ್ ಜಾಗಕ್ಕೆ ಪ್ಲಾಸ್ಮಾ ಫಿಲ್ಟರ್. ಡಯಾಲಿಸಿಸ್ ನೀರಿನ ಪೈಪಿನ ಕನೆಕ್ಟರ್ (ಹ್ಯಾನ್ಸನ್) ಎರಡನ್ನೂ ಮೆಷಿನ್‌ಗೇ ಚುಚ್ಚಿ ಬೈಪಾಸ್‌ಗೆ ಬಿಟ್ಟೆ. ಮೆಷಿನ್ ಬರೀ ಬ್ಲಡ್ ಪಂಪು. ಪಂಪು ನಿಮಿಷಕ್ಕೆ 120 ಎಂ.ಎಲ್., ಪ್ಲಾಸ್ಮಾ 15 ಎಂ.ಎಲ್. ಮೀರಬಾರದು. ಪ್ಲಾಸ್ಮಾ ಗುರುತ್ವದ ಮೇಲೆ ಅಳತೆ ಕ್ಯಾನ್‌ಗೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 33, ತೆಗೆಯಬೇಕಾದ ಪ್ಲಾಸ್ಮಾ ಲೆಕ್ಕ 2.2 ಲೀಟರ್ ಆಯಿತು. ಎರಡೂವರೆ ಗಂಟೆ ಕ್ಯಾನ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ದುಡ್ಡು ಉಳಿದದ್ದು ತೆಗೆದ ಪ್ಲಾಸ್ಮಾ ಬದಲಿಗೆ ಹಾಕುವ ಆಲ್ಬುಮಿನ್‌ನಲ್ಲಿ (ರಕ್ತದ ಪ್ರೋಟೀನ್). ಮೊದಲು ಹಾಕಿದ್ದರಲ್ಲಿ ಒಂದು ಪಾಲು ಹೇಗೂ ಫಿಲ್ಟರ್‌ನಲ್ಲಿ ಹೊರಗೆ ಹೋಗುತ್ತದೆ ಅಲ್ವಾ? ಹಾಗಾಗಿ ಮೊದಲ ಅರ್ಧ ಲೀಟರ್ ಸಲೈನ್, ಆಮೇಲೆ ಮೂರು ಬಾಟಲಿ ಆಲ್ಬುಮಿನ್ ಸಲೈನ್‌ನಲ್ಲಿ ಬೆರೆಸಿ, ಕೊನೆಗೆ ಎಫ್‌ಎಫ್‌ಪಿ (ದಾನಿಗಳ ಶೈತ್ಯೀಕರಿಸಿದ ಪ್ಲಾಸ್ಮಾ). ಎರಡನೇ ಸಲ ತುಟಿ ಜುಮ್ ಅಂತಿದೆ ಅಂದರು. ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಹೋಯಿತು. ಒಂದು ದಿನ ಬಿಟ್ಟು ಒಂದು ದಿನ, ಐದು ಸಲ. ಎಲ್ಲ ಸೇರಿ ಒಂದೂಕಾಲು, ಒಂದೂವರೆ ಲಕ್ಷದ ನಡುವೆ.

ಮೂರನೇ ಸಲಕ್ಕೆ ಎಣಿಕೆ 24 ಮುಟ್ಟಿತು. ಸುಮ್ನೆ ನಾನೂ ಎಣಿಸಿದೆ, 46. 'ಬೆಂಗಳೂರಿಗೆ ಕಳಿಸಿ' ಅಂದಿದ್ದ ಡ್ಯೂಟಿ ಡಾಕ್ಟರ್ 31ಕ್ಕೇ ಕೆಮ್ಮಿದರು. ಸಿಗರೇಟು ಬಿಡಿ ಸಾರ್ ಅಂದೆ.

ಕೊನೇ ದಿನ ಗಂಡ ಕ್ಯಾನ್ ಹತ್ತಿರ ಬಗ್ಗಿ ನೋಡಿದರು. "ಕಾಯಿಲೆ ಇದರಲ್ಲೇ ಇದೆಯಾ?"

"ಸ್ವಲ್ಪ ಇದರಲ್ಲಿದೆ, ಮತ್ತೆ ಹುಟ್ಟುತ್ತದೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ" ಅಂದೆ. ಹಿಂದಿನಿಂದ ಹೆಂಗಸು ಕಾಫಿ ಕೇಳಿದರು.