ಆಕ್ಸ್‌ಫರ್ಡ್ ಅಂಚಿನಲ್ಲಿ ನಡೆಯುವುದು ಹೇಗೆ: ಕಾಲುದಾರಿ, ದನ, ಹಳೇ ಗೋಡೆಗಳು

ಮಕ್ಕಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದವರು ಆಕ್ಸ್‌ಫರ್ಡ್‌ಗೆ ಹೋದರೆ ಕಾಲೇಜು ನೋಡಿ, ಫೋಟೊ ತೆಗೆದು, ಸಂಜೆ ರೈಲು ಹತ್ತಿಬಿಡುತ್ತಾರೆ. ಅರ್ಧ ದಿನ ಕೈಯಲ್ಲಿದ್ದರೆ ಊರಂಚಿನ ಹುಲ್ಲುಗಾವಲು ಪೋರ್ಟ್ ಮೆಡೋ ಸುತ್ತಿ ಬನ್ನಿ. ಸುಮಾರು ಆರೂವರೆ ಕಿಲೋಮೀಟರ್, ಹತ್ತೋದು ಇಳಿಯೋದು ಏನೂ ಇಲ್ಲ.

ಮೊದಲು ಹಿಂಜರಿಕೆ ಬಿಡಿ. ಬೇರೆಯವರ ಜಮೀನಿಗೆ ಕಾಲಿಟ್ಟರೆ ಯಾರಾದರೂ ಕೂಗ್ತಾರೆ ಅನ್ನೋ ಭಯ ನಮಗೆ ಜಾಸ್ತಿ. ಇಲ್ಲಿ ಕೈಮರದ ಮೇಲೆ 'ಪಬ್ಲಿಕ್ ಫುಟ್‌ಪಾತ್' ಅಂತ ಇದ್ದರೆ ಆ ದಾರಿಯಲ್ಲಿ ನಡೆಯುವುದು ನಿಮ್ಮ ಹಕ್ಕು, ಜಮೀನು ಯಾರದ್ದಾದರೂ ಸರಿ, ನಡುವೆ ಗೋಧಿ ಬೆಳೆದಿದ್ದರೂ ಸರಿ. ಹೊಲದ ನಡುವಿನ ದಾರಿಯನ್ನು ರೈತ ಉಳಬಹುದು, ಆದರೆ ಬಿತ್ತನೆಗೆ ಅಂತ ಉಳಲು ಶುರು ಮಾಡಿದ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲದ ದಾರಿ ಮತ್ತೆ ಮಾಡಿಕೊಡಬೇಕು. 1990ರ ಕಾನೂನು ಹಾಗೆ ಹೇಳುತ್ತದೆ. ಆದರೆ ಹಕ್ಕು ಇರೋದು ಆ ದಾರಿಗೆ ಮಾತ್ರ. ಪಕ್ಕದಲ್ಲಿ ಚೆನ್ನಾಗಿದೆ ಅಂತ ಹೊಲದೊಳಗೆಲ್ಲ ಅಡ್ಡಾಡೋ ಹಾಗಿಲ್ಲ, ಬೆಳೆ ಇದ್ದ ಕಡೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು.

ಗೇಟಿನ ಮೇಲೆ, ಕಂಬದ ಮೇಲೆ ಸಣ್ಣ ಬಾಣದ ಗುರುತು ಹುಡುಕಿ. ಹಳದಿ ಬಾಣ ನಡೆಯುವವರಿಗೆ. ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರುತ್ತವೆ, ಪಕ್ಕಕ್ಕೆ ಸರಿಯಿರಿ. ಕೆಲವು ಕಡೆ ಬೇಲಿ ದಾಟಲು ಮಲೆನಾಡಿನ ತಡಮೆಯಂಥ ಮರದ ಮೆಟ್ಟಿಲಿರುತ್ತದೆ. ಸೀರೆ ಉಟ್ಟವರಿಗೆ ಅದು ಕಷ್ಟವೇ, ಪ್ಯಾಂಟ್ ಹಾಕಿಕೊಂಡು ಬಂದರೆ ಒಳ್ಳೇದು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಮ್ಯಾಪ್ ಬೇಕಿದ್ದರೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 180 ತಗೊಳ್ಳಿ. ಅದರಲ್ಲಿ ಹಸಿರು ತುಂಡುಗೆರೆಗಳಲ್ಲಿ ಸಣ್ಣವು ಕಾಲುದಾರಿ, ಉದ್ದನೆಯವು ಕುದುರೆಯೂ ಹೋಗುವ ದಾರಿ.

ಈಗ ಹೊರಡೋಣ. ರೈಲ್ವೆ ಸ್ಟೇಷನ್ನಿಂದ ಜೆರಿಕೋ ಬಡಾವಣೆ ಮೂಲಕ ವಾಲ್ಟನ್ ವೆಲ್ ರೋಡ್ ಕೊನೆಗೆ ಬನ್ನಿ. ಕಾಲುವೆ, ರೈಲು ಹಳಿ ಎರಡನ್ನೂ ಸೇತುವೆ ಮೇಲೆ ದಾಟಿದರೆ ಗೇಟು, ಅದರಾಚೆ ಪೋರ್ಟ್ ಮೆಡೋ. ಮರ ಇಲ್ಲ, ಬೇಲಿ ಇಲ್ಲ, ಕಣ್ಣಿಗೆ ಕಾಣುವಷ್ಟೂ ಹುಲ್ಲು, ಅಲ್ಲಲ್ಲಿ ದನ, ಕುದುರೆ, ಬಾತುಕೋಳಿ. ಇದು ಊರಿನ ಗೋಮಾಳ ಅಂದುಕೊಳ್ಳಿ. ಇಲ್ಲಿ ದನ ಮೇಯಿಸುವ ಹಕ್ಕು 1086ರ ಡೂಮ್ಸ್‌ಡೇ ಅನ್ನೋ ಭೂದಾಖಲೆಯಲ್ಲೇ ಇದೆ, ಇವತ್ತಿಗೂ ಆಕ್ಸ್‌ಫರ್ಡಿನ ಫ್ರೀಮನ್‌ಗಳಿಗೂ (ಹಳೇ ಕಾಲದಿಂದ ವಿಶೇಷ ಹಕ್ಕಿರುವ ಊರವರು) ವುಲ್ವರ್ಕೋಟ್ ಊರಿನವರಿಗೂ ಆ ಹಕ್ಕಿದೆ. ಈ ನೆಲಕ್ಕೆ ಎಂದೂ ನೇಗಿಲು ಹೂಡಿಲ್ಲ ಅಂತ ಹೇಳುತ್ತಾರೆ. ಅದಕ್ಕೇ ಇರಬೇಕು, ಕಂಚಿನ ಯುಗದ ಒಂದು ಸಮಾಧಿ ದಿಬ್ಬ ಇನ್ನೂ ಉಳಿದಿದೆ. ರೌಂಡ್ ಹಿಲ್ ಅಂತ ಹೆಸರು, ಆದರೆ ಬೆಟ್ಟ ಹುಡುಕಬೇಡಿ, ಸ್ವಲ್ಪ ಉಬ್ಬಿದ ನೆಲ ಅಷ್ಟೇ.

ಎಡಕ್ಕೆ ಹೋಗುವ ದಾರಿ ಹಿಡಿದು ನದಿ ಹತ್ತಿರ ಬಂದರೆ ಕಮಾನಿನ ಹಾಗೆ ಬಾಗಿದ ಕಾಲುಸೇತುವೆ. ಆಚೆ ದಡಕ್ಕೆ ದಾಟಿ ಉತ್ತರಕ್ಕೆ ತಿರುಗಿ. ಇದು ಥೇಮ್ಸ್ ನದಿ ಉದ್ದಕ್ಕೂ ಹೋಗುವ ಕಾಲುದಾರಿ ಥೇಮ್ಸ್ ಪಾತ್, ನದಿ ನಿಮ್ಮ ಬಲಕ್ಕೆ ಇರುತ್ತದೆ. ಎಡಕ್ಕೆ ಬಿನ್ಸಿ ಅನ್ನೋ ಪುಟ್ಟ ಹಳ್ಳಿ. ಅಲ್ಲಿಂದ ಸಣ್ಣ ರಸ್ತೆಯಲ್ಲಿ ಒಳಗೆ ಹೋದರೆ ಸೇಂಟ್ ಮಾರ್ಗರೆಟ್ ಚರ್ಚು, ಅದರ ಅಂಗಳದಲ್ಲಿ ಒಂದು ಬಾವಿ. ಕುರುಡಾದವನಿಗೆ ಈ ನೀರಿನಿಂದ ಕಣ್ಣು ಬಂತು ಅಂತ ಕಥೆ. ಕಾಲಲ್ಲಿ ಶಕ್ತಿ ಇದ್ದರೆ ಹೋಗಿ, ಇಲ್ಲದಿದ್ದರೆ ನೇರ ಗಾಡ್‌ಸ್ಟೋ ಕಡೆ ನಡೆಯಿರಿ.

ಗಾಡ್‌ಸ್ಟೋದಲ್ಲಿ ಸನ್ಯಾಸಿನಿಯರ ಮಠದ ಗೋಡೆಗಳಿವೆ. ಕಟ್ಟಲು ಶುರುವಾಗಿದ್ದು 1133ರಲ್ಲಿ. ದೊರೆ ಎಂಟನೇ ಹೆನ್ರಿ ಕಾಲದಲ್ಲಿ, 1539ರಲ್ಲಿ ಮುಚ್ಚಿಸಿದರು. ಎರಡನೇ ಹೆನ್ರಿಯ ಪ್ರೇಯಸಿ ರೋಸಮಂಡ್‌ಳನ್ನು ಹೂತಿದ್ದು ಇಲ್ಲೇ. ಟಿಕೆಟ್ ಇಲ್ಲ, ಕಾವಲಿಲ್ಲ, ಕೆಲವು ಸಲ ಒಳಗೆ ದನಗಳೇ ಮೇಯುತ್ತಿರುತ್ತವೆ. ಹತ್ತಿರದಲ್ಲೇ ಹೈವೇ ಇದೆ, ಸದ್ದು ಬರುತ್ತದೆ, ಪೂರ್ತಿ ಪ್ರಶಾಂತ ಜಾಗ ಅಂತ ಅಂದುಕೊಂಡು ಹೋಗಬೇಡಿ.

ದನಗಳ ಬಗ್ಗೆ ಒಂದು ಮಾತು. ನಾವು ದನ ನೋಡದವರೇನಲ್ಲ, ಆದರೆ ಇಲ್ಲಿ ಅವು ಮೂಗುದಾರ ಇಲ್ಲದೆ ಹಿಂಡಾಗಿ ಇರುತ್ತವೆ. ಕರು ಜೊತೆಗಿರುವ ಹಸು ಕಂಡರೆ ದೂರದಿಂದ ಸುತ್ತಿ ಹೋಗಿ, ಹಸು ಕರು ನಡುವೆ ಮಾತ್ರ ನುಗ್ಗಬೇಡಿ. ನೇವರಿಸೋಕೆ ಹೋಗೋದೂ ಬೇಡ. ಜೊತೆಗೆ ನಾಯಿ ಇದ್ದರೆ ಹಗ್ಗ ಕೈಯಲ್ಲಿರಲಿ, ಆದರೆ ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ. ಅವು ಬರೋದು ನಾಯಿ ಹಿಂದೆ, ಅದು ತಪ್ಪಿಸಿಕೊಳ್ಳುತ್ತದೆ.

ಮಠದಿಂದ ಸೇತುವೆ ದಾಟಿದರೆ ಟ್ರೌಟ್ ಅನ್ನೋ ಹಳೇ ಪಬ್ಬು, ನದಿ ಪಕ್ಕದಲ್ಲೇ ಕುರ್ಚಿಗಳು. ಕುಡಿಯದವರೂ ಒಂದು ಕಾಫಿ ತಗೊಂಡು ಕೂತುಕೊಳ್ಳಬಹುದು. ಅಲ್ಲಿಂದ ವುಲ್ವರ್ಕೋಟ್ ಕಡೆ ರಸ್ತೆ ಹಿಡಿದು, ಬಲಕ್ಕೆ ಸಿಗುವ ಗೇಟಿನಿಂದ ಮತ್ತೆ ಹುಲ್ಲುಗಾವಲಿಗೆ ಇಳಿದು ದಕ್ಷಿಣಕ್ಕೆ ನಡೆದರೆ ಹೊರಟ ಜಾಗಕ್ಕೇ ಬರುತ್ತೀರಿ.

ಚಳಿಗಾಲದಲ್ಲಿ ಈ ಲೆಕ್ಕ ನಡೆಯಲ್ಲ. ಥೇಮ್ಸ್ ಉಕ್ಕಿ ಅರ್ಧ ಹುಲ್ಲುಗಾವಲು ಕೆರೆಯಾಗಿರುತ್ತದೆ, ನದಿ ದಡದ ದಾರಿಯೂ ಮುಳುಗಬಹುದು. ಆಗ ಪೂರ್ವದ ಅಂಚಿನಲ್ಲಿರುವ ಬರ್ಜಸ್ ಫೀಲ್ಡ್ ಒಳಗಿನ ದಾರಿ ಹಿಡಿಯಿರಿ. ಅದು ಹಿಂದೆ ಊರಿನ ಕಸ ಸುರಿದ ಜಾಗ, ಹಾಗಾಗಿ ನೆಲ ಎತ್ತರ. ಈಗ ಗಿಡಮರ ಬೆಳೆದು ಹಕ್ಕಿಗಳು ತುಂಬಿವೆ. ಷೂ ಮಾತ್ರ ಗಟ್ಟಿಯಾದದ್ದು ಹಾಕಿ, ಚಪ್ಪಲಿ ಈ ಕೆಸರಿಗೆ ತಡೆಯಲ್ಲ. ಸುಸ್ತಾದರೆ ವುಲ್ವರ್ಕೋಟ್‌ನಲ್ಲೇ ನಿಲ್ಲಿಸಿ, ಊರೊಳಕ್ಕೆ ಬಸ್ಸಿದೆ.