ಮನಸ್ಸಿನ ಪ್ರಶ್ನೆಗಳನ್ನು ಕನ್ನಡಕ್ಕೆ ಒಗ್ಗಿಸುವುದು ಹೇಗೆ?

ಧಾರವಾಡದ ಕಡೆ ‘ಆರಾಮ ಇಲ್ಲ’ ಅಂದರೆ ಮೈ ಹುಷಾರಿಲ್ಲ ಎಂದರ್ಥ. ಬೆಂಗಳೂರಿನಲ್ಲಿ ‘ಆರಾಮಾಗಿದೀನಿ’ ಅಂದರೆ ತಲೆಬಿಸಿ ಇಲ್ಲ ಎಂದೂ ಆಗುತ್ತದೆ. ಇಂಥ ಒಂದು ಪದ ಸಾಕು, ಒಳ್ಳೆಯ ಪ್ರಶ್ನಾವಳಿ ದಾರಿ ತಪ್ಪಲು.

ಮನಸ್ಸಿನ ನೆಮ್ಮದಿ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ ಪ್ರಶ್ನಾವಳಿ ತಗೊಳ್ಳಿ. 1998ರಲ್ಲಿ ಬಂದ ಇದರಲ್ಲಿ ಇರುವುದು ಐದೇ ಹೇಳಿಕೆ. ಕಳೆದ ಎರಡು ವಾರ ಖುಷಿ, ನೆಮ್ಮದಿ, ಹುರುಪು ಎಷ್ಟಿತ್ತು, ನಿದ್ದೆಯಿಂದ ಎದ್ದಾಗ ದಣಿವು ಕಳೆದಿತ್ತೇ, ದಿನದಲ್ಲಿ ಮನಸ್ಸಿಗೆ ಹಿಡಿಸುವ ಸಂಗತಿಗಳಿದ್ದವೇ ಎಂದು ನೋಡುತ್ತದೆ. ಪ್ರತಿಯೊಂದಕ್ಕೂ 0ಯಿಂದ 5 ಅಂಕ.

ಮೊದಲು ಮೂಲದ ಹಕ್ಕು ಯಾರದು, ಕನ್ನಡ ರೂಪ ಆಗಲೇ ಇದೆಯೇ ನೋಡಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಲಿ. ಎರಡನ್ನೂ ಪಕ್ಕದಲ್ಲಿಟ್ಟು ಒಂದು ಮಾಡಿ. ಬಳಿಕ ಅರ್ಥ ಹಾಗೇ ಉಳಿದಿದೆಯೇ ಎಂದು ನೋಡಲು ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ.

ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ‘ಆರಾಮ’ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ! ಅದು ಸಿಕ್ಕಿಬೀಳುವುದು ಜನರ ಎದುರು ಕೂತಾಗ ಮಾತ್ರ. ಪ್ರಶ್ನೆ ಓದಿ, ಉತ್ತರ ಬರೆದುಕೊಂಡು ಸುಮ್ನೆ ಎದ್ದು ಬರಬೇಡಿ. ‘ಇದನ್ನು ಕೇಳಿದಾಗ ನಿಮಗೆ ಏನು ಅನ್ನಿಸಿತು? ನಿಮ್ಮ ಮಾತಲ್ಲಿ ಹೇಳಿ’ ಎನ್ನಿ. ಕಲಬುರಗಿ, ಕುಂದಾಪುರ, ಮೈಸೂರು ಎಲ್ಲ ಕಡೆ ಕೇಳಿ. ಓದು ಬಾರದವರನ್ನೂ ಕೇಳಿ. ‘ಬೇಜಾರು’ ಎಂಬ ಪದವಂತೂ ಜಾಸ್ತಿ ಎಚ್ಚರ ಬೇಡುತ್ತದೆ. ದುಃಖಕ್ಕೂ ಅದೇ, ಹೊತ್ತು ಹೋಗದಿದ್ದಕ್ಕೂ ಅದೇ, ನೊಂದುಕೊಂಡಿದ್ದಕ್ಕೂ ಅದೇ ಅಲ್ವಾ?

ಕಾಲದ ಲೆಕ್ಕವನ್ನೂ ಒಗ್ಗಿಸಬೇಕು. ವಾರದ ಸಂತೆ ನಡೆಯುವ ಊರಲ್ಲಿ ‘ಕಳೆದ ಎರಡು ವಾರ’ ಎನ್ನುವುದಕ್ಕಿಂತ ‘ಹೋದ ವಾರದ ಹಿಂದಿನ ಸಂತೆಯಿಂದ ಈಚೆಗೆ’ ಎಂದರೆ ಬೇಗ ಹೊಳೆಯುತ್ತದೆ.

ಜಿಂಬಾಬ್ವೆಯಲ್ಲಿ ಇನ್ನೂ ಮುಂದೆ ಹೋದರು. ಶೋನಾ ಭಾಷೆಯ ಜನ ಸಂಕಟವನ್ನು ‘ಕುಫುಂಗಿಸಿಸಾ’, ಅಂದರೆ ವಿಪರೀತ ಯೋಚನೆ, ಎನ್ನುತ್ತಾರೆ. ಅವರ ಮಾತುಗಳಿಂದಲೇ 14 ಪ್ರಶ್ನೆಗಳ ಹೊಸ ಪ್ರಶ್ನಾವಳಿ ಕಟ್ಟಿದರು. ನಮ್ಮ ‘ತಲೆ ಕೆಡಿಸ್ಕೊಳ್ಳೋದು’ ಕೂಡ ಹೀಗೆ ಪ್ರಶ್ನೆಯಾಗಬೇಕು ಎಂಬುದು ನನ್ನ ಆಸೆ.

ಕೊನೆಗೆ ಅಂಕ. ಡಬ್ಲ್ಯುಎಚ್‌ಒ-5ರಲ್ಲಿ 25ಕ್ಕೆ 13ಕ್ಕಿಂತ ಕಡಿಮೆ ಬಂದರೆ ಖಿನ್ನತೆಗಾಗಿ ಪರೀಕ್ಷಿಸಬೇಕೆಂಬ ಸೂಚನೆ ಇದೆ. ಆ ಗೆರೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ತಜ್ಞರು ಅದೇ ಜನರನ್ನು ಕನ್ನಡದಲ್ಲಿ ಮಾತಾಡಿಸಿ ತಾಳೆ ನೋಡಲಿ. ಕೇಳಲು ಹೋಗುವಾಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದ ಚೀಟಿ ಜೊತೆಗಿರಲಿ. ಆ ಐದು ಪ್ರಶ್ನೆ ಕೇಳಿ ಯಾರಾದರೂ ಅತ್ತುಬಿಟ್ಟರೆ ಅವರ ಕೈಗೆ ಕೊಡಲು ಬೇಕಾಗುತ್ತದೆ.